ಗೋಮಾಳ ಒತ್ತುವರಿ ಎಂದು 7 ದಿನದ ನೋಟಿಸ್ ಬಂದಿದೆ: ಮೊದಲು ಎಲ್ಲಿಗೆ ಹೋಗಬೇಕು?

ತೆಂಗಿನ_ಸೋಗೆ:

ಎಲ್ಲರಿಗೂ ನಮಸ್ಕಾರ. ಕಂದಾಯ ಕಾನೂನು ಬಲ್ಲವರು ದಯವಿಟ್ಟು ದಾರಿ ತೋರಿಸಿ. ವಿವರ ಪೂರ್ತಿ ಬರೆಯುತ್ತಿದ್ದೇನೆ.

ಬಯಲುಸೀಮೆಯ ಹಳ್ಳಿ, ಹತ್ತಿರದ ಪುರಸಭೆ ಗಡಿ ಸುಮಾರು 9 ಕಿ.ಮೀ. ದೂರ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ 62 ಎಕರೆ, ಪಹಣಿಯ 9ನೇ ಕಾಲಂನಲ್ಲಿ 'ಸರ್ಕಾರಿ ಗೋಮಾಳ'. ಅದಕ್ಕೆ ಅಂಟಿಕೊಂಡ ಪಕ್ಕದ ನಂಬರಿನಲ್ಲಿ ನಮ್ಮ 2 ಎಕರೆ ಹಿಡುವಳಿ ಇದೆ, 1996ರ ನೋಂದಾಯಿತ ಕ್ರಯಪತ್ರ. ಈಗ ಗೋಮಾಳದಲ್ಲಿ 3 ಎಕರೆ 10 ಗುಂಟೆ ಒತ್ತುವರಿ ಆಗಿದೆ, 7 ದಿನದಲ್ಲಿ ಬಿಡಿ ಎಂದು ತಹಶೀಲ್ದಾರ್ ಅವರಿಂದ ನೋಟಿಸ್. ಭೂಕಂದಾಯ ಕಾಯ್ದೆ 104ನೇ ಕಲಂ ಎಂದು ನಮೂದಾಗಿದೆ. ನೋಟಿಸಿನ ತಾರೀಖು 3, ಕೈಗೆ ಬಂದದ್ದು 8ಕ್ಕೆ, ಸೋಮವಾರ. 'ಸರ್ವೆ ಪ್ರಕಾರ ಒತ್ತುವರಿ ದೃಢಪಟ್ಟಿದೆ' ಎಂಬ ಸಾಲು ಇದೆ, ನಕ್ಷೆ ಕೊಟ್ಟಿಲ್ಲ. ಅಳತೆಗೆ ಬಂದಾಗ ನಮಗೆ ಯಾವ ತಿಳಿವಳಿಕೆಯೂ ಇರಲಿಲ್ಲ.

ಇದರಲ್ಲಿ ಪಶ್ಚಿಮದ ಅಂಚಿನ ಸುಮಾರು 20 ಗುಂಟೆ ಕ್ರಯಪತ್ರದ ಜಮೀನೇ; ಚೆಕ್ಕುಬಂದಿಯಲ್ಲಿ ಪಶ್ಚಿಮಕ್ಕೆ ಹಳ್ಳ ಎಂದಿದೆ, ಆ ತುಂಡು ಹಳ್ಳದ ಈಚೆಗೇ ಇದೆ. ಉಳಿದ 2 ಎಕರೆ 30 ಗುಂಟೆ ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದ ಸಾಗುವಳಿ, ಅದನ್ನು ಅಲ್ಲಗಳೆಯುವುದಿಲ್ಲ. 1987 ಮತ್ತು 1991ರ ಟಿ.ಟಿ. ದಂಡದ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಗೆ ಹಾಕುವ ದಂಡ) ರಸೀದಿಗಳಿವೆ. 2018ರ ಡಿಸೆಂಬರಿನಲ್ಲಿ ನಮೂನೆ 57 (ಸಕ್ರಮ ಕೋರುವ ಅರ್ಜಿ) ಹಾಕಿದ್ದು ಪೂರ್ತಿ 3 ಎಕರೆ 10 ಗುಂಟೆಗೆ. ಇವತ್ತಿನವರೆಗೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದಿಲ್ಲ. ತೆಂಗು, ಕೊಳವೆಬಾವಿ, ಒಂದು ಶೀಟಿನ ಮನೆ ಇದೆ.

ಪ್ರಶ್ನೆಗಳು: ಸಿವಿಲ್ ಕೋರ್ಟಿನಲ್ಲಿ ಸ್ಟೇ ತರಬೇಕೋ, ನೇರ ಹೈಕೋರ್ಟಿಗೆ ರಿಟ್ ಹಾಕಬೇಕೋ? 40 ವರ್ಷದ ಅನುಭವಕ್ಕೆ ಬೆಲೆ ಇದೆಯೇ? ಮನೆಯನ್ನೂ ಹೀಗೇ ಏಳು ದಿನದಲ್ಲಿ ಕೆಡವಬಹುದೇ?


ಕಂದಾಯ_ಕಡತ:

ಯಾವ ಕೋರ್ಟಿಗೆ ಹೋಗುವ ಮೊದಲೂ ಈ ಜಮೀನನ್ನು ಕಾಗದದ ಮೇಲೆ ಎರಡು ಭಾಗ ಮಾಡಿ. 20 ಗುಂಟೆಗೆ ನಿಮ್ಮದು ಹಕ್ಕಿನ ವಾದ, ಅಂದರೆ ಇದು ಸರ್ಕಾರದ್ದೇ ಅಲ್ಲ. 2 ಎಕರೆ 30 ಗುಂಟೆಗೆ ಮಂಜೂರಾತಿಯ ವಾದ, ಅಂದರೆ ಸರ್ಕಾರದ್ದೇ, ಆದರೆ ಸಕ್ರಮಕ್ಕೆ ಅರ್ಹ. ಇವೆರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ನಮೂನೆ 57ರಲ್ಲಿ ಆಗಲೇ ಹಾಗೆ ಆಗಿದೆ. ನಿಮ್ಮದೆನ್ನುವ 20 ಗುಂಟೆಯನ್ನೂ ಸೇರಿಸಿ 'ಇದು ಸರ್ಕಾರಿ ಜಮೀನು, ಮಂಜೂರು ಮಾಡಿ' ಎಂದು ಸಹಿ ಹಾಕಿ ಕೊಟ್ಟಿದ್ದೀರಿ. ನಾಳೆ ಸರ್ಕಾರಿ ವಕೀಲರು ಮೊದಲು ಹಾಜರುಪಡಿಸುವ ದಾಖಲೆ ಅದೇ.

ಇನ್ನೊಂದು ಪೆಟ್ಟೂ ಇದೆ. ಸಕ್ರಮದ ಮಿತಿ ಸ್ವಂತ ಹಿಡುವಳಿ ಸೇರಿ ಖುಷ್ಕಿ ಲೆಕ್ಕದಲ್ಲಿ 2 ಹೆಕ್ಟೇರ್, ಊರ ಮಾತಿನಲ್ಲಿ 4 ಎಕರೆ 38 ಗುಂಟೆ. ಪಹಣಿಯ 2 ಎಕರೆಗೆ 3 ಎಕರೆ 10 ಗುಂಟೆ ಸೇರಿಸಿದರೆ 5 ಎಕರೆ 10 ಗುಂಟೆ ಆಗುತ್ತದೆ, ಮಿತಿಗಿಂತ 12 ಗುಂಟೆ ಹೆಚ್ಚು. 20 ಗುಂಟೆ ಬಿಟ್ಟರೆ 4 ಎಕರೆ 30 ಗುಂಟೆ, ಮಿತಿಯೊಳಗೇ ಬರುತ್ತೀರಿ. ಹಾಗಾಗಿ ಬಗರ್ ಹುಕುಂ ಸಮಿತಿಯ ಕಾರ್ಯದರ್ಶಿಯಾದ ತಹಶೀಲ್ದಾರರಿಗೆ ಇವತ್ತೇ ಬೇರೆ ಮೆಮೊ ಕೊಡಿ: ಅರ್ಜಿಯಲ್ಲಿ ವಿಸ್ತೀರ್ಣ ತಪ್ಪಾಗಿ ನಮೂದಾಗಿದೆ, 20 ಗುಂಟೆ ಇಂಥ ಸರ್ವೆ ನಂಬರಿನ ಕ್ರಯದ ಜಮೀನು, ಮಂಜೂರಾತಿ ಕೋರಿಕೆ 2 ಎಕರೆ 30 ಗುಂಟೆಗೆ ಮಾತ್ರ. ಇಷ್ಟರಿಂದ ಹಳೆಯ ಒಪ್ಪಿಗೆ ಪೂರ್ತಿ ಅಳಿಸಿಹೋಗುವುದಿಲ್ಲ. ಆದರೆ ತಕರಾರು ಕೋರ್ಟಿನಲ್ಲಿ ಹುಟ್ಟಿದ್ದಲ್ಲ, ಮೊದಲೇ ಇತ್ತು ಎಂದು ತೋರಿಸಲು ಆಧಾರ ಆಗುತ್ತದೆ.

ಈಗ ನೋಟಿಸ್. ಕೊನೆಯ ವಾಕ್ಯ ಗಮನವಿಟ್ಟು ಓದಿ. 'ಏಕೆ ತೆರವುಗೊಳಿಸಬಾರದು, ಸಮಜಾಯಿಷಿ ನೀಡಿ' ಎಂದಿದ್ದರೆ ಅದು ಕಾರಣ ಕೇಳುವ ನೋಟಿಸ್. ಉತ್ತರ ಕೊಡಬೇಕು, ಅದರ ಮೇಲೆ ಆದೇಶ ಬರಬೇಕು. 'ತಪ್ಪಿದಲ್ಲಿ ಬಲವಂತವಾಗಿ ತೆರವುಗೊಳಿಸಲಾಗುವುದು' ಎಂದಷ್ಟೇ ಇದ್ದರೆ ಅಲ್ಲಿ ಆಗಲೇ ತೀರ್ಮಾನ ಆಗಿಹೋಗಿದೆ ಎಂದು ಲೆಕ್ಕ. ಅಂಥದ್ದನ್ನು ಆದೇಶ ಎಂದೇ ಭಾವಿಸಿ, ಉತ್ತರದ ಜೊತೆಜೊತೆಗೇ ಮೇಲ್ಮನವಿಯನ್ನೂ ತಯಾರಿಡಿ. 104 ಕೊಡುವುದು ತೆರವಿನ ಅಧಿಕಾರ. ತೆರವು ಮಾಡುವ ರೀತಿ 39ನೇ ಕಲಂನಲ್ಲಿದೆ: ಮೊದಲು ಸಮಂಜಸ ಕಾಲಾವಕಾಶದ ನೋಟಿಸ್, ಅದಕ್ಕೂ ಬಿಡದಿದ್ದರೆ ಅಧಿಕಾರಿಯ ಮೂಲಕ ತೆರವು, ಅಡ್ಡಿಪಡಿಸಿದರೆ ಸಂಕ್ಷಿಪ್ತ ವಿಚಾರಣೆ. ನಕ್ಷೆ ಕೊಡದೆ 7 ದಿನ ಕೊಟ್ಟದ್ದು ಸಮಂಜಸ ಅಲ್ಲ ಎನ್ನುವುದು ನಿಮ್ಮ ಮೊದಲ ಆಕ್ಷೇಪ.

ಉತ್ತರ ಮೂರು ಪುಟ ಮೀರದಿರಲಿ. ಬಡತನ, ಸಾಲ, ಮಕ್ಕಳ ಓದು ಇವೆಲ್ಲ ನಿಜವೇ ಇರಬಹುದು. ಆದರೆ ಅವುಗಳಿಂದ ಶುರು ಮಾಡಿದರೆ ಓದುವ ಅಧಿಕಾರಿಗೆ ಇದು ದಯೆಯ ಅರ್ಜಿಯಾಗಿ ಕಾಣುತ್ತದೆ. ನೋಟಿಸಿನ ಸಂಖ್ಯೆ, ತಾರೀಖು, ಕೈಗೆ ಬಂದ ದಿನ ಮೊದಲು ಬರಲಿ. ಲಕೋಟೆ ಎಸೆಯಬೇಡಿ, 8ಕ್ಕೆ ಬಂದದ್ದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ. ಆಮೇಲೆ 20 ಗುಂಟೆಯ ಪ್ಯಾರಾ: ಕ್ರಯಪತ್ರ, ಎಂ.ಆರ್. (ಖಾತೆ ಬದಲಾವಣೆ ದಾಖಲೆಯ) ಸಂಖ್ಯೆ, ಚೆಕ್ಕುಬಂದಿ. ಬೇರೆ ಪ್ಯಾರಾದಲ್ಲಿ 2 ಎಕರೆ 30 ಗುಂಟೆ: ಟಿ.ಟಿ. ರಸೀದಿ, ನಮೂನೆ 57ರ ಸ್ವೀಕೃತಿ, ಪಂಪ್‌ಸೆಟ್ಟಿನ ಆರ್.ಆರ್. (ವಿದ್ಯುತ್ ಸಂಪರ್ಕದ) ನಂಬರ್ ಪಡೆದ ದಿನಾಂಕ. ಕೊನೆಗೆ ಸ್ಪಷ್ಟವಾದ ಬೇಡಿಕೆ: ಸರ್ವೆ ನಕ್ಷೆ, ಮಹಜರು, ಅಳತೆಗೆ ಮೊದಲು ಹೊರಡಿಸಿದ ನೋಟಿಸಿನ ಪ್ರತಿ ಕೊಡಿ, ನಮ್ಮ ಸಮಕ್ಷಮ ಮರು ಅಳತೆ ಮಾಡಿಸಿ, ಖುದ್ದು ವಿಚಾರಣೆಗೆ ದಿನ ಕೊಡಿ, ಅಲ್ಲಿಯವರೆಗೆ ತೆರವು ನಿಲ್ಲಿಸಿ. ತಪ್ಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅದೇ ದಿನ ಸ್ಪೀಡ್ ಪೋಸ್ಟಿನಲ್ಲೂ ಹಾಕಿ. 'ಸಾಹೇಬರಿಗೆ ಬಾಯಲ್ಲಿ ಹೇಳಿದ್ದೀವಿ' ಎನ್ನುವ ಮಾತು ಯಾವ ಕಡತದಲ್ಲೂ ಉಳಿಯುವುದಿಲ್ಲ.

ಆದೇಶ ಬಂದ ಮೇಲೆ 49ನೇ ಕಲಂ ಮೇಲ್ಮನವಿ. ಸಹಿ ತಹಶೀಲ್ದಾರರದ್ದಾದರೆ ಉಪವಿಭಾಗಾಧಿಕಾರಿ ಮುಂದೆ, ಉಪವಿಭಾಗಾಧಿಕಾರಿಯದ್ದಾದರೆ ಜಿಲ್ಲಾಧಿಕಾರಿ ಮುಂದೆ, ಜಿಲ್ಲಾಧಿಕಾರಿಯದ್ದಾದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ. ಕಾಲಮಿತಿ 60 ದಿನ. ಈ 60 ದಿನ ನಂಬಿ ಕೂತರೆ ಜೆಸಿಬಿ ಅಷ್ಟು ದಿನ ಕಾಯುವುದಿಲ್ಲ. ಮೇಲ್ಮನವಿ ಹಾಕಿದ ಮಾತ್ರಕ್ಕೆ ತೆರವು ನಿಲ್ಲುವುದೂ ಇಲ್ಲ. ತಡೆಯಾಜ್ಞೆಗೆ ಪ್ರತ್ಯೇಕ ಮಧ್ಯಂತರ ಅರ್ಜಿ ಬೇಕು, ಪ್ರಮಾಣಪತ್ರ ಬೇಕು, ತುರ್ತಿನ ಮೆಮೊ ಬೇಕು. ದೃಢೀಕೃತ ನಕಲು ತಡವಾಗುತ್ತದೆ ಎಂದಾದರೆ ಜಾರಿಯಾದ ಪ್ರತಿಯನ್ನೇ ಇಟ್ಟು, ನಕಲು ಆಮೇಲೆ ಹಾಜರುಪಡಿಸಲು ಅನುಮತಿ ಕೇಳಿ.

ರಿಟ್ ಬಗ್ಗೆ: ಕಾರಣ ಕೇಳುವ ನೋಟಿಸಿನ ಹಂತದಲ್ಲಿ ಹೈಕೋರ್ಟ್ ಸಾಮಾನ್ಯವಾಗಿ ಕೈಹಾಕುವುದಿಲ್ಲ, ಉತ್ತರ ಕೊಡಿ ಎಂದು ಕಳಿಸುತ್ತದೆ. ಉತ್ತರವನ್ನೇ ನೋಡದೆ ಆದೇಶ ಮಾಡಿದರೆ, ವಿಚಾರಣೆಯೇ ಇಲ್ಲದೆ ತೆರವಿಗೆ ದಿನ ಗೊತ್ತುಮಾಡಿದರೆ, ಉಪವಿಭಾಗಾಧಿಕಾರಿ ತಡೆಯಾಜ್ಞೆ ಅರ್ಜಿಯನ್ನು ಕೈಗೆತ್ತಿಕೊಳ್ಳದೇ ಇದ್ದರೆ, ಆಗ ಸಂವಿಧಾನದ 226ನೇ ವಿಧಿಯ ರಿಟ್‌ಗೆ ನಿಜವಾದ ಬಲ. ನಿಮ್ಮಂಥ ಪ್ರಕರಣಗಳಲ್ಲಿ ಹೆಚ್ಚಾಗಿ ಸಿಗುವ ಪರಿಹಾರ 'ಬಾಕಿ ಇರುವ ನಮೂನೆ 57ನ್ನು ಕಾನೂನಿನಂತೆ ತೀರ್ಮಾನಿಸಿ, ಅಲ್ಲಿಯವರೆಗೆ ಸ್ವಾಧೀನಕ್ಕೆ ಅಡ್ಡಿ ಬೇಡ' ಎಂಬ ಧಾಟಿಯದ್ದು. ಅದು ಗೆಲುವಲ್ಲ, ಸಮಯ. ಸಮಿತಿ ಮುಂದಿನ ತಿಂಗಳೇ ಅರ್ಜಿ ವಜಾ ಮಾಡಿದರೆ ರಕ್ಷಣೆಯೂ ಅವತ್ತೇ ಮುಗಿಯಿತು. ಆ ಸಮಯದಲ್ಲಿ ಅರ್ಹತೆಯ ದಾಖಲೆ ಜೋಡಿಸಿಕೊಳ್ಳದವರು ಎರಡನೇ ಸಲ ಕೋರ್ಟಿಗೆ ಬರುವಾಗ ಬರಿಗೈ.


ಹದಿನಾರು_ಆಣೆ:

20 ಗುಂಟೆಯ ವಿಚಾರ ತೀರ್ಮಾನವಾಗುವುದು ವಕೀಲರ ಮಾತಿನಿಂದಲ್ಲ, ಅಳತೆಯಿಂದ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. 20 ಗುಂಟೆಗೆ 21,780 ಚದರಡಿ. ನಿಮ್ಮ ಜಮೀನಿನ ಪಶ್ಚಿಮದ ಬದಿ 660 ಅಡಿ ಉದ್ದ ಇದೆ ಅಂದುಕೊಳ್ಳಿ; ಆಗ ಈ 20 ಗುಂಟೆ ಬರೀ 33 ಅಡಿ ಅಗಲದ ಪಟ್ಟಿ. ಹಳೇ ಮೈಸೂರಿನ ಮೂಲ ಸರ್ವೆಯ ಸರಪಳಿ 33 ಅಡಿ, ಅದರ ಭಾಗಗಳು 16 ಆಣೆ. ಅಂದರೆ ಇಡೀ ತಕರಾರು ಒಂದು ಸರಪಳಿಯದ್ದು. ಗ್ರಾಮ ನಕ್ಷೆಯ ಪ್ರಮಾಣ 7,920ಕ್ಕೆ 1. ನಕ್ಷೆಯ ಮೇಲೆ 1 ಮಿ.ಮೀ. ಅಂದರೆ ನೆಲದ ಮೇಲೆ ಸುಮಾರು 26 ಅಡಿ. ಪೆನ್ನಿನ ಗೀಟು ಅರ್ಧ ಮಿ.ಮೀ. ದಪ್ಪ ಇದ್ದರೆ 13 ಅಡಿ ಅಲ್ಲೇ ಹೋಯಿತು. ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ 'ಇಷ್ಟು ಒತ್ತುವರಿ' ಎಂದು ಹೇಳಿದ್ದರೆ, 33 ಅಡಿಯ ತಕರಾರಿಗೆ ಆ ಲೆಕ್ಕ ಆಧಾರ ಆಗಲಾರದು. ದಿಶಾಂಕ್ ಆ್ಯಪ್ ನೋಡಿ ನೀವು ವಾದಿಸಿದರೂ ಇದೇ ಮಾತು. ಆ್ಯಪ್ ಇರುವುದು ಯಾವ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು, ಗಡಿ ಇತ್ಯರ್ಥಕ್ಕಲ್ಲ.

ಗಡಿ ಹೇಳುವುದು ಟಿಪ್ಪಣಿ, ಅಂದರೆ ಸರ್ವೆಯಲ್ಲಿ ಬರೆದಿಟ್ಟ ಅಳತೆಯ ದಾಖಲೆ. ಎರಡೂ ಸರ್ವೆ ನಂಬರುಗಳ ಮೂಲ ಟಿಪ್ಪಣಿ, ನಿಮ್ಮ ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲಿನ) ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ), ಗ್ರಾಮ ನಕ್ಷೆ, ಇಷ್ಟರ ದೃಢೀಕೃತ ನಕಲು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ ತೆಗೆಸಿ. ಗೋಮಾಳದ ಟಿಪ್ಪಣಿ ಬಿಟ್ಟು ನಿಮ್ಮ ನಂಬರಿನದನ್ನು ಮಾತ್ರ ತರುವುದು ಎಲ್ಲರೂ ಮಾಡುವ ತಪ್ಪು. ಒಂದೇ ಗಡಿಯನ್ನು ಎರಡು ಟಿಪ್ಪಣಿಗಳೂ ಹೇಳುತ್ತವೆ. ಎರಡರ ಅಳತೆ ತಾಳೆಯಾದರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಇಲ್ಲ.

ಆಕಾರಬಂದ್ ತಂದ ಮೇಲೆ ಖರಾಬಿನ ಕಾಲಂ ನೋಡಿ. 'ಎ' ಖರಾಬು ಅಂದರೆ ಸಾಗುವಳಿಗೆ ಬಾರದ ನೆಲ, 'ಬಿ' ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು. ನಿಮ್ಮ ಪಶ್ಚಿಮಕ್ಕೆ ಹಳ್ಳ ಇರುವುದರಿಂದ ಆ ಹಳ್ಳ ನಿಮ್ಮ ನಂಬರಿನ ಬಿ ಖರಾಬೋ, ಗೋಮಾಳದ ನಂಬರಿನದೋ ಎನ್ನುವುದೇ ಮುಖ್ಯ. ನಿಮ್ಮ ನಂಬರಿನದಾದರೆ ಗಡಿಗೆರೆ ಹಳ್ಳದ ಆಚೆ ದಡಕ್ಕೆ ಹೋಗುತ್ತದೆ, 20 ಗುಂಟೆಯ ವಾದ ಗಟ್ಟಿ. ಆದರೆ ಹಳ್ಳದ ಪಾತ್ರ ಮಾತ್ರ ನಿಮಗೆ ಸೇರುವುದಿಲ್ಲ. ಅಲ್ಲಿಗೆ ಬೇಲಿ ಹಾಕಿದ್ದರೆ ಈಗಲೇ ತೆಗೆದುಬಿಡಿ, ಅದೊಂದರಿಂದ ಇಡೀ ಪ್ರಕರಣ ಕೆಟ್ಟದಾಗಿ ಕಾಣುತ್ತದೆ. ಹಳ್ಳ ವರ್ಷಗಳಲ್ಲಿ ಜಾಗ ಬದಲಿಸಿರುವ ಸಾಧ್ಯತೆಯೂ ಇದೆ. ಹಾಗಾಗಿ ಅಳತೆಯನ್ನು ಹಳ್ಳದಿಂದ ಶುರು ಮಾಡಿಸಬೇಡಿ. ಬಾಂದು ಕಲ್ಲಿನಿಂದ (ಸರ್ವೆಯ ಗಡಿ ಕಲ್ಲು), ಅದು ಸಿಗದಿದ್ದರೆ ಮೂರು ಗ್ರಾಮಗಳ ಗಡಿ ಕೂಡುವ ಕಲ್ಲಿನಿಂದ ಎಳೆದುಕೊಂಡು ಬರಬೇಕು ಎಂದು ಅರ್ಜಿಯಲ್ಲೇ ಬರೆಯಿರಿ.

ನಿಮ್ಮ ಹಿಡುವಳಿಯ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಈಗಲೇ ಶುಲ್ಕ ಕಟ್ಟಿ, ರಸೀದಿಯನ್ನು ತಹಶೀಲ್ದಾರರಿಗೆ ಕೊಡುವ ಉತ್ತರಕ್ಕೆ ಲಗತ್ತಿಸಿ. ಅಳತೆಯ ದಿನ ಭೂಮಾಪಕರು ಮಹಜರಿಗೆ ಸಹಿ ಕೇಳುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಸಹಿ ನಿರಾಕರಿಸಿ ಹೊರಟುಬಿಡಬೇಡಿ. 'ಆಕ್ಷೇಪಣೆಗೆ ಒಳಪಟ್ಟು, ಬಾಂದು ಕಲ್ಲಿನಿಂದ ಅಳತೆ ಮಾಡಿಲ್ಲ' ಎಂದು ಕೈಬರಹದಲ್ಲಿ ಬರೆದು ಸಹಿ ಹಾಕಿ. ನಿರಾಕರಿಸಿದರೆ 'ಹಾಜರಿದ್ದರೂ ಸಹಿ ಮಾಡಲಿಲ್ಲ' ಎಂಬ ಒಂದು ಸಾಲು ಉಳಿಯುತ್ತದೆ, ಆಕ್ಷೇಪ ಏನಿತ್ತು ಎಂಬುದು ಉಳಿಯುವುದಿಲ್ಲ.


ಕೋರ್ಟ್_ಕಟ್ಟೆ:

ಸಿವಿಲ್ ದಾವೆ ಮತ್ತು 40 ವರ್ಷದ ಅನುಭವದ ಬಗ್ಗೆ.

20 ಗುಂಟೆಗೆ ಮಾತ್ರ ಸಿವಿಲ್ ದಾವೆ ಯೋಚಿಸಿ. ಉಳಿದದ್ದಕ್ಕೆ ಬೇಡ. ಸರ್ಕಾರಿ ಜಮೀನಿನ ಮಂಜೂರಾತಿ ವಿಷಯ ಸಿವಿಲ್ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ, ಭೂಕಂದಾಯ ಕಾಯ್ದೆಯ 61ನೇ ಕಲಂ ಅಡ್ಡ ಬರುತ್ತದೆ. ಹಕ್ಕಿನ ದಾವೆಗೂ ಮೂರು ಗಂಟುಗಳಿವೆ. ಸರ್ಕಾರದ ಮೇಲೆ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸ್ ಬೇಕು. ತುರ್ತಿದ್ದರೆ 80(2)ರ ಅಡಿ ಕೋರ್ಟಿನ ಅನುಮತಿ ಪಡೆದು ಹೂಡಬಹುದು, ಆದರೆ ಸರ್ಕಾರದ ವಾದ ಕೇಳದೆ ಮಧ್ಯಂತರ ಆದೇಶ ಸಿಗುವುದಿಲ್ಲ. ಎರಡನೆಯದು 63ನೇ ಕಲಂ: ಕಂದಾಯ ಕಾಯ್ದೆಯಲ್ಲಿ ಮೇಲ್ಮನವಿಗೆ ಅವಕಾಶ ಇದ್ದರೆ ಅದನ್ನು ಮೊದಲು ಮುಗಿಸಿ ಬನ್ನಿ ಎನ್ನುತ್ತದೆ. ಮೂರನೆಯದು ಕೋರಿಕೆಯ ರೂಪ. ಹಕ್ಕಿನ ಮೇಲೇ ಮೋಡ ಕವಿದಿರುವಾಗ ಬರೀ ನಿರ್ಬಂಧಕಾಜ್ಞೆ ಕೇಳಿದರೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕು. ಅನಾಥುಲ ಸುಧಾಕರ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಕೋರ್ಟ್ ಶುಲ್ಕ ಉಳಿಸಲು ಬರೀ ನಿರ್ಬಂಧಕಾಜ್ಞೆಯ ದಾವೆ ಹೂಡಿ, ಐದಾರು ವರ್ಷದ ಮೇಲೆ ಇದೇ ಒಂದು ಕಾರಣಕ್ಕೆ ವಜಾ ಆಗುವವರಿದ್ದಾರೆ.

ನಿಮ್ಮ ಉತ್ತರದಲ್ಲಿ ತಪ್ಪದೆ ಸೇರಿಸಬೇಕಾದ ತೀರ್ಪು 1982ರ ತುಮ್ಮಲ ಕೃಷ್ಣರಾವ್ ಪ್ರಕರಣ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಹೈದರಾಬಾದಿನ ಜಮೀನು ಅದು. ಪ್ರಾಮಾಣಿಕವಾದ ಹಕ್ಕಿನ ತಕರಾರು ಇರುವಾಗ ಸರ್ಕಾರ ತಾನೇ ಒಂದು ಕಡೆ ತೀರ್ಮಾನ ಮಾಡಿಕೊಂಡು ಸಂಕ್ಷಿಪ್ತ ವಿಧಾನದಲ್ಲಿ ಎಬ್ಬಿಸುವಂತಿಲ್ಲ, ಸಾಮಾನ್ಯ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸಬೇಕು ಎಂಬುದು ಅದರ ಸಾರ. ಇದು ನಿಮ್ಮ 20 ಗುಂಟೆಗೆ ಹೊಂದುತ್ತದೆ. 2 ಎಕರೆ 30 ಗುಂಟೆಗೆ ಹೊಂದುವುದಿಲ್ಲ, ಅಲ್ಲಿ ಹಕ್ಕಿನ ತಕರಾರೇ ಇಲ್ಲವಲ್ಲ. ಪೂರ್ತಿ ಜಮೀನಿಗೆ ಈ ತೀರ್ಪು ಎಳೆದರೆ 20 ಗುಂಟೆಯ ವಾದದ ಪ್ರಾಮಾಣಿಕತೆಯೂ ಹೋಗುತ್ತದೆ.

ಈಗ ಅನುಭವ. ಸರ್ಕಾರದ ವಿರುದ್ಧ ಪ್ರತಿಕೂಲ ಸ್ವಾಧೀನಕ್ಕೆ (ದೀರ್ಘ ಕಾಲದ ಅನುಭವದಿಂದಲೇ ಒಡೆತನ ಕೇಳುವುದಕ್ಕೆ) ಕಾಲಮಿತಿ ಕಾಯ್ದೆಯ 112ನೇ ಅನುಚ್ಛೇದದಂತೆ 30 ವರ್ಷ. ಆದರೆ ಬರೀ ವರ್ಷ ಎಣಿಸಿದರೆ ಆಗದು. ಅಷ್ಟೂ ಕಾಲ 'ಇದು ನನ್ನದು, ಸರ್ಕಾರದ್ದಲ್ಲ' ಎಂದು ಬಹಿರಂಗವಾಗಿ ನಡೆದುಕೊಂಡಿರಬೇಕು. ಟಿ.ಟಿ. ದಂಡ ಕಟ್ಟಿದ್ದು, ನಮೂನೆ 57 ಹಾಕಿದ್ದು, ಎರಡೂ ಸರ್ಕಾರದ ಒಡೆತನ ಒಪ್ಪಿದ ದಾಖಲೆಗಳು. ಸಕ್ರಮಕ್ಕೆ ಯಾವ ರಸೀದಿ ಬಲವೋ ಪ್ರತಿಕೂಲ ಸ್ವಾಧೀನಕ್ಕೆ ಅದೇ ರಸೀದಿ ಮುಳುವು. ರವೀಂದರ್ ಕೌರ್ ಗ್ರೇವಾಲ್ ತೀರ್ಪು 2019ರಲ್ಲಿ ಪ್ರತಿಕೂಲ ಸ್ವಾಧೀನದ ಮೇಲೆ ವಾದಿಯೇ ದಾವೆ ಹೂಡಬಹುದು ಎಂದಿತು ನಿಜ. ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಜಮೀನಿಗೆ ಹೀಗೆ ಹಕ್ಕು ಹುಟ್ಟಬಾರದು ಎಂದು ಎಚ್ಚರಿಸಿದ್ದೂ ಅದೇ ತೀರ್ಪು. ಗೋಮಾಳದಲ್ಲಿ ಈ ದಾರಿ ಹಿಡಿಯಬೇಡಿ.

ಎದುರು ಪಕ್ಷ ಹಿಡಿಯುವುದು 2011ರ ಜಗಪಾಲ್ ಸಿಂಗ್ ತೀರ್ಪನ್ನು: ಗ್ರಾಮದ ಸಾಮುದಾಯಿಕ ಜಮೀನಿನ ಒತ್ತುವರಿ ತೆರವುಗೊಳಿಸಿ, ದೀರ್ಘ ಕಾಲದ ಅನುಭವವಾಗಲೀ ಕಟ್ಟಡಕ್ಕೆ ಸುರಿದ ಹಣವಾಗಲೀ ಸಕ್ರಮಕ್ಕೆ ನೆಪವಾಗಬಾರದು ಎಂದು ಎಲ್ಲ ರಾಜ್ಯಗಳಿಗೂ ಹೇಳಿದ ತೀರ್ಪು. ಅದರಲ್ಲೇ ಒಂದು ಅಪವಾದವಿದೆ, ಸರ್ಕಾರದ ಅಧಿಸೂಚನೆಯಡಿ ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕೊಟ್ಟ ಜಮೀನು. ನೀವು ನಿಲ್ಲಬೇಕಾದದ್ದು ಅನುಭವದ ಮೇಲಲ್ಲ, ಭೂಕಂದಾಯ ಕಾಯ್ದೆಯ ಸಕ್ರಮದ 94-ಎ ಕಲಂ ಎಂಬ ಶಾಸನದ ಮೇಲೆ. ಶಾಸಕಾಂಗವೇ ಅರ್ಜಿ ಕರೆದಿದೆ, ಅರ್ಜಿ ತೀರ್ಮಾನ ಆಗಿಲ್ಲ. ಇದಿಷ್ಟೇ ನಿಮ್ಮ ಬಲ.


ತೆಂಗಿನ_ಸೋಗೆ:

ತುಂಬಾ ಉಪಕಾರ. ಅರ್ಜಿ ಎರಡು ಮಾಡುವ ವಿಷಯ ಯಾರೂ ಹೇಳಿರಲಿಲ್ಲ. ಎರಡು ಸಂದೇಹ. ಸಮಿತಿ ನಮೂನೆ 57 ವಜಾ ಮಾಡುವುದಾದರೆ ಯಾವ ಕಾರಣಕ್ಕೆ ಮಾಡುತ್ತದೆ? ಮನೆಯ ವಿಷಯವೂ ಹೇಳಿ.


ಕಂದಾಯ_ಕಡತ:

ಪ್ರಾಮಾಣಿಕವಾಗಿ ಹೇಳುತ್ತೇನೆ, ನಿಮ್ಮ ಪ್ರಕರಣದ ದುರ್ಬಲ ಜಾಗ ಗೋಮಾಳದ ಲೆಕ್ಕ. ಭೂಕಂದಾಯ ನಿಯಮಗಳ 97ನೇ ನಿಯಮದಂತೆ 100 ಜಾನುವಾರಿಗೆ 30 ಎಕರೆ ಮೀಸಲಿರಬೇಕು. 62 ಎಕರೆ ಅಂದರೆ 206 ಜಾನುವಾರಿಗೆ ಸಾಕು. ಊರಲ್ಲಿ 240 ಇದ್ದರೆ 72 ಎಕರೆ ಬೇಕು, ಆಗ ಗೋಮಾಳವೇ ಕೊರತೆ, ಮಂಜೂರಿಗೆ ಅವಕಾಶವಿಲ್ಲ ಎಂದು ಹಿಂಬರಹ ಬರುತ್ತದೆ. ಗ್ರಾಮದಲ್ಲಿ ಬೇರೆ ಸರ್ವೆ ನಂಬರುಗಳಲ್ಲೂ ಗೋಮಾಳ ಇದ್ದರೆ ಅದನ್ನೂ ಕೂಡಿಸಬೇಕು. ವರದಿಯಲ್ಲಿ ಒಂದೇ ನಂಬರಿಗೆ ಇಡೀ ಊರಿನ ದನಗಳನ್ನು ಲೆಕ್ಕ ಹಾಕಿಬಿಡುವ ತಪ್ಪು ಆಗುವುದುಂಟು. ಪಶುಪಾಲನಾ ಇಲಾಖೆಯಿಂದ ಗ್ರಾಮವಾರು ಜಾನುವಾರು ಗಣತಿಯ ಅಂಕಿ, ತಾಲ್ಲೂಕು ಕಚೇರಿಯಿಂದ ಗ್ರಾಮದ ಒಟ್ಟು ಗೋಮಾಳದ ತಖ್ತೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನ. ನಾಳೆಯೇ ಹಾಕಿದರೆ ಮೇಲ್ಮನವಿಯ ಹೊತ್ತಿಗೆ ಕೈಗೆ ಬರುತ್ತದೆ.

ಪುರಸಭೆ ಗಡಿಯಿಂದ 3 ಕಿ.ಮೀ., ನಗರಸಭೆಯಾದರೆ 5, ಬೆಂಗಳೂರಾದರೆ 18 ಕಿ.ಮೀ. ಒಳಗಿದ್ದರೆ ಸಕ್ರಮ ಇಲ್ಲ. ನಿಮಗೆ 9 ಕಿ.ಮೀ. ಇರುವುದರಿಂದ ಆ ಭಯವಿಲ್ಲ. ಸಾಗುವಳಿ 1-1-2005ಕ್ಕಿಂತ ಮೊದಲಿನದು ಎಂದು ತೋರಿಸಲು ಎರಡು ರಸೀದಿಯ ಜೊತೆ ತೋಟಗಾರಿಕೆ ಇಲಾಖೆಯಿಂದ ತೆಂಗಿನ ಮರಗಳ ವಯಸ್ಸಿನ ದೃಢೀಕರಣ ಪಡೆಯಿರಿ. ರಸೀದಿ ಯಾರ ಹೆಸರಿನಲ್ಲಿದೆ, ಅರ್ಜಿ ಯಾರ ಹೆಸರಿನಲ್ಲಿದೆ ನೋಡಿ. ಎರಡೂ ಬೇರೆಯಾದರೆ ವಂಶವೃಕ್ಷ ಲಗತ್ತಿಸದೆ ಆ ರಸೀದಿ ಕೆಲಸಕ್ಕೆ ಬಾರದು.

ಮನೆಗೆ ಸಂಬಂಧಿಸಿ 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ನಿರ್ದೇಶನ ಉಲ್ಲೇಖಿಸಿ. ಕಟ್ಟಡ ಕೆಡವುವ ಮೊದಲು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್, ಕಟ್ಟಡಕ್ಕೂ ಅಂಟಿಸಬೇಕು, ಕನಿಷ್ಠ 15 ದಿನ ಕೊಡಬೇಕು, ಖುದ್ದು ವಿಚಾರಣೆ, ಕಾರಣ ಸಹಿತ ಆದೇಶ, ಆದೇಶದ ಮೇಲೂ 15 ದಿನ. ರಸ್ತೆ, ಬೀದಿ, ಪಾದಚಾರಿ ಮಾರ್ಗ, ರೈಲು ಹಳಿಯ ಬದಿ, ನದಿ, ಜಲಮೂಲದಂಥ ಸಾರ್ವಜನಿಕ ಜಾಗದ ಕಟ್ಟಡಗಳಿಗೆ, ಕೋರ್ಟೇ ಕೆಡವಲು ಹೇಳಿದ್ದಕ್ಕೆ ಈ ರಕ್ಷಣೆ ಇಲ್ಲ. ಗೋಮಾಳವೂ ಸಾರ್ವಜನಿಕ ಜಾಗವೇ ಎಂದು ಸರ್ಕಾರ ವಾದಿಸಬಹುದು. ಆ ಪಟ್ಟಿಯಲ್ಲಿ ಗೋಮಾಳ ಇಲ್ಲ ಎಂಬುದು ನಿಮ್ಮ ಮಾತು. ಆದರೆ ಶೀಟಿನ ಮನೆ ಹಳ್ಳಕ್ಕೆ ಅಂಟಿಕೊಂಡಿದ್ದರೆ ಈ ವಾದ ಬಹಳ ದುರ್ಬಲ.


ಸೊಪ್ಪಿನ_ಬೆಟ್ಟ:

ಇದನ್ನು ಓದುವ ಮಲೆನಾಡಿನವರಿಗೆ ಒಂದು ಮಾತು, ಏಕೆಂದರೆ ಮೇಲಿನ ಉತ್ತರಗಳನ್ನು ಹಾಗೇ ನಕಲು ಮಾಡಿದರೆ ಅಲ್ಲಿ ಹಾನಿ. ನೋಟಿಸ್ ಅರಣ್ಯ ಇಲಾಖೆಯಿಂದ ಬಂದು ಕರ್ನಾಟಕ ಅರಣ್ಯ ಕಾಯ್ದೆ 1963ರ 64-ಎ ಎಂದಿದ್ದರೆ ಬಗರ್ ಹುಕುಂ ಅರ್ಜಿ ಕಾಪಾಡುವುದಿಲ್ಲ. ಅರಣ್ಯ ಜಮೀನು ಆ ಸಕ್ರಮದ ಹೊರಗೆ. ಅಲ್ಲಿ ನೋಡಬೇಕಾದದ್ದು ಅರಣ್ಯ ಹಕ್ಕು ಕಾಯ್ದೆ 2006. ಹಕ್ಕಿನ ಪರಿಶೀಲನೆ ಪೂರ್ತಿಯಾಗುವವರೆಗೆ ಎಬ್ಬಿಸುವಂತಿಲ್ಲ ಎಂದು 4(5) ಹೇಳುತ್ತದೆ. ಪರಿಶಿಷ್ಟ ಪಂಗಡದವರು 13-12-2005ಕ್ಕೆ ಮೊದಲಿನ ಸ್ವಾಧೀನ ತೋರಿಸಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನೂ ತೋರಿಸಬೇಕು. ಹೆಚ್ಚು ಅರ್ಜಿಗಳು ಬೀಳುವುದು ಈ 75 ವರ್ಷದ ಮೇಲೆ. 75 ವರ್ಷ ಬೇಕಾದದ್ದು ಕಾಡನ್ನು ಅವಲಂಬಿಸಿದ ವಾಸಕ್ಕೆ, ಅದೇ ತುಂಡು ಜಮೀನಿನ ಸಾಗುವಳಿಗಲ್ಲ ಎಂಬ ವ್ಯತ್ಯಾಸವನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು.

ಗ್ರಾಮಸಭೆಯ ನಿರ್ಣಯದಿಂದ ಅನ್ಯಾಯವಾದರೆ ಉಪವಿಭಾಗ ಸಮಿತಿಗೆ 60 ದಿನ, ಅಲ್ಲಿಂದ ಜಿಲ್ಲಾ ಸಮಿತಿಗೆ ಮತ್ತೆ 60 ದಿನ. 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಹೇಳಿದ ಸುಪ್ರೀಂ ಕೋರ್ಟ್, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿದು, ತಿರಸ್ಕಾರದ ಪ್ರಕ್ರಿಯೆ ಸರಿಯಾಗಿ ನಡೆದಿದೆಯೇ ಎಂದು ರಾಜ್ಯಗಳನ್ನು ಕೇಳಿತು. ಹಾಗಾಗಿ ತಿರಸ್ಕಾರದ ಆದೇಶ ಲಿಖಿತವಾಗಿ ನಿಮಗೆ ತಲುಪಿತ್ತೇ, ಕಾರಣ ಬರೆದಿತ್ತೇ ಎಂಬುದೇ ಮೊದಲ ಪ್ರಶ್ನೆ.


ಕೋರ್ಟ್_ಕಟ್ಟೆ:

ಇನ್ನೊಂದು ವಿಷಯ, ಆದೇಶದ ಭಾಷೆ. ತಡೆಯಾಜ್ಞೆ ಕೇಳುವಾಗ ಬರೀ 'ಯಥಾಸ್ಥಿತಿ' ಕೇಳಬೇಡಿ. ಬೇಲಿ ಕಿತ್ತು ಫಲಕ ನೆಟ್ಟ ಮೇಲೆ ಯಥಾಸ್ಥಿತಿ ಆದೇಶ ಬಂದರೆ ಆ ಫಲಕವೇ ಯಥಾಸ್ಥಿತಿ. 'ಅರ್ಜಿದಾರರ ಸ್ವಾಧೀನಕ್ಕೆ ಅಡ್ಡಿಪಡಿಸಬಾರದು, ಬೆಳೆ ಮತ್ತು ಮರಗಳನ್ನು ತೆಗೆಯಬಾರದು' ಎಂದು ಕೋರಿಕೆಯಲ್ಲಿ ಬಿಡಿಸಿ ಬರೆಯಿರಿ. ಇವತ್ತಿನ ಸ್ಥಿತಿಯ ಫೋಟೊ, ವಿಡಿಯೊ ತೆಗೆದಿಡಿ.

ತೆರವಿಗೆ ತಂಡ ಬಂದೇಬಿಟ್ಟರೆ ಅಡ್ಡ ಮಲಗುವುದು, ಯಂತ್ರದ ಕೀ ಕಿತ್ತುಕೊಳ್ಳುವುದು ಬೇಡವೇ ಬೇಡ. ಭಾರತೀಯ ನ್ಯಾಯ ಸಂಹಿತೆಯ 132 ಮತ್ತು 221ನೇ ಕಲಂಗಳಲ್ಲಿ ಪ್ರಕರಣ ದಾಖಲಾದರೆ ಜಮೀನಿನ ವಿಷಯ ಹಿಂದೆ ಬಿದ್ದು ಜಾಮೀನಿನ ಓಡಾಟ ಶುರುವಾಗುತ್ತದೆ. ಉತ್ತರದ ಸೀಲು ಬಿದ್ದ ಪ್ರತಿ, ಮೇಲ್ಮನವಿ ಸಂಖ್ಯೆ ತೋರಿಸಿ, ಆಕ್ಷೇಪಣೆಯನ್ನು ಬರೆದು ಕೈಗೆ ಕೊಡಿ, ಮಹಜರಿನ ಪ್ರತಿ ಕೇಳಿ. ವಕೀಲರ ಶುಲ್ಕ ಭಾರವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ; ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ವರಮಾನ ಮಿತಿಯೊಳಗಿನ ಎಲ್ಲರಿಗೂ ಉಚಿತ ವಕೀಲರ ನೆರವು ಕಾನೂನಿನಲ್ಲೇ ಇದೆ.


ಹದಿನಾರು_ಆಣೆ:

ದಿನದ ಲೆಕ್ಕ ಯಾರೂ ಹಾಕಿಲ್ಲ. ನೋಟಿಸ್ 8ಕ್ಕೆ ಬಂದಿದೆ, 15ಕ್ಕೆ ಅವಧಿ ಮುಗಿಯುತ್ತದೆ. ಆದರೆ ಕಚೇರಿಯವರು ನೋಟಿಸಿನ ತಾರೀಖಿನಿಂದ ಎಣಿಸಿದರೆ ಅವರ ಪ್ರಕಾರ 10ಕ್ಕೇ ಮುಗಿಯಿತು. 13 ಎರಡನೇ ಶನಿವಾರ, ರಜೆ, 14 ಭಾನುವಾರ. ಹದ್ದುಬಸ್ತಿನ ರಸೀದಿಗೆ ಕಾಯದೆ 10ರ ಬುಧವಾರ ಬೆಳಿಗ್ಗೆಯೇ ಉತ್ತರಕ್ಕೆ ಸೀಲು ಹಾಕಿಸಿ. ರಸೀದಿಯನ್ನು 12ರ ಶುಕ್ರವಾರದೊಳಗೆ ಹೆಚ್ಚುವರಿ ಮೆಮೊ ಜೊತೆ ಕೊಟ್ಟರಾಯಿತು.